ದೊರೆಸಾನಿಯ ಸೆಲ್ಫು

ನಾಳೆ ಆಯುಧಪೂಜೆ ಎನ್ನುವ ದಿನ ತವರಿಗೆ ಹೋಗಿ ಅಂಗಳಕ್ಕೆ ಕಾಲಿಟ್ಟವಳ ಮೂಗಿಗೆ ಮೊದಲು ಬಡಿದದ್ದು ಪೇಂಟಿನ ವಾಸನೆ. ಚೆಂಡುಹೂವಿನದಲ್ಲ, ಒಲೆಯ ಮೇಲಿನ ಹೂರಣದ್ದೂ ಅಲ್ಲ, ಪೇಂಟಿನದು. ನಾನು ಬೆಚ್ಚಿ ನಿಂತೆ. ನಿಮಗೆ ನಗು ಬರಬಹುದು. ಹಬ್ಬದ ಮುಂಚೆ ಯಾರ ಮನೆಯಲ್ಲಿ ಪೇಂಟು ಹಚ್ಚುವುದಿಲ್ಲ, ಅದಕ್ಕೇಕೆ ಈ ಹೆಂಗಸು ಹೀಗೆ ಬೆಚ್ಚುತ್ತಾಳೆ ಎನ್ನುತ್ತೀರಿ. ಆದರೆ ಆ ಮನೆಯೊಳಗೆ ಪೇಂಟಿನ ಡಬ್ಬಿ ಬಂದು ಎಷ್ಟೋ ಕಾಲವಾಗಿತ್ತು. ಕಿಟಕಿಯ ಸರಳುಗಳು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತವೆ. ಗೇಟಿನ ತಳ ಕೊಳೆತು ತಂತಿ ಸುತ್ತಿಸಿಕೊಂಡು ನಿಂತಿದೆ. ಬಂದ ನೆಂಟರೆಲ್ಲ ನಮ್ಮನ್ನು ಜಿಪುಣರೆಂದೇ ತಿಳಿದಿದ್ದಾರೆ, ತಿಳಿಯಲಿ ಬಿಡಿ.

ಅಂಗಳದಲ್ಲಿ ನನ್ನ ತಮ್ಮನ ಮಗ ಶಿವು ತನ್ನ ಹೊಸ ಟಿಲ್ಲರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಪು ಪೇಂಟು ಬಳಿಯುತ್ತಿದ್ದ. ಮದುವೆಯಾಗಿ ಮಕ್ಕಳಿರುವವನು, ನಾಲಿಗೆ ಹೊರಗೆ ಹಾಕಿಕೊಂಡು ಸ್ಲೇಟಿನ ಮೇಲೆ ಬರೆಯುವ ಹುಡುಗನ ಹಾಗೆ ಕೂತಿದ್ದ. ಅವನಿಗೆ ಏನೂ ಗೊತ್ತಿಲ್ಲ, ಹೇಳಿದವರೂ ಇಲ್ಲ. ಜಗಲಿಯ ಮೇಲೆ ಕಂಬಕ್ಕೆ ಒರಗಿ ನಮ್ಮ ಚಿಕ್ಕಮ್ಮ ಕೂತಿದ್ದರು. ಕಣ್ಣಿಗೆ ಪೊರೆ ಬಂದು ಮನುಷ್ಯರೆಲ್ಲ ಅವರಿಗೆ ನೆರಳುಗಳಾಗಿದ್ದಾರೆ. ಕಿವಿ ಮಾತ್ರ ಹಾಗೇ ಇದೆ. ಹಿತ್ತಿಲಲ್ಲಿ ಕೋಳಿ ಮೊಟ್ಟೆಯಿಟ್ಟರೆ ಯಾವ ಮೂಲೆಯಲ್ಲಿ ಎಂದು ಕೂತಲ್ಲಿಂದಲೇ ಹೇಳುತ್ತಾರೆ.

"ಬಂದ್ಯಾ ಮಗಾ? ಬಸ್ಸು ಇವತ್ತು ಬೇಗ ಬಂತಲ್ಲ" ಎಂದರು, ನಾನಿನ್ನೂ ಬಾಯಿ ತೆರೆದಿರಲಿಲ್ಲ.

ನಾನು ಚೀಲವನ್ನು ಅಲ್ಲೇ ಎಸೆದು, ಅವರಿಗೂ ಅಂಗಳಕ್ಕೂ ನಡುವೆ ಹೋಗಿ ಕೂತೆ. ನನ್ನ ಮೈ ಅಡ್ಡವಾದರೆ ವಾಸನೆ ಅವರನ್ನು ಮುಟ್ಟುವುದಿಲ್ಲ ಎಂಬ ಲೆಕ್ಕ. ಬಸ್ಸಿನ ಸೀಟಿನಲ್ಲಿ ಪಕ್ಕದವರು ಗೊಣಗುವಷ್ಟು ಮೈ ಇದೆ ನನಗೆ, ಒಂದು ದಿನವಾದರೂ ಉಪಯೋಗಕ್ಕೆ ಬರಲಿ ಅನ್ನಿಸಿತು. ಯಾಕೆಂದರೆ ಪೇಂಟಿನ ಮಾತು ಚಿಕ್ಕಮ್ಮನ ಮುಂದೆ ಏಳಬಾರದು. ನಮ್ಮಪ್ಪ ಸಾಯುವವರೆಗೂ ಕಾದದ್ದು ಆ ಗುಟ್ಟನ್ನು. ಅಮ್ಮನೂ ಕಾದಳು. ಅವರಿಬ್ಬರೂ ಹೋದ ಮೇಲೆ ಅದನ್ನು ಬಲ್ಲವಳು, ಕಾಯಬೇಕಾದವಳು ನಾನೊಬ್ಬಳೇ. ಯಾಕೆ ಎಂದು ನಿಮಗಾದರೂ ಹೇಳಿಬಿಡುತ್ತೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ನಮ್ಮಪ್ಪ ಏನಾದರೂ "ಎಲ್ಲ ಮೈಸೂರಿನವರು ಬಂದಮೇಲೆ" ಎಂದು ದೂರುತ್ತಿದ್ದ ಕಾಲ. ಸೋಮವಾರಪೇಟೆಯ ಬಸ್ಸು ತಡವಾದರೂ ಮೈಸೂರಿನವರು, ಹಸು ಹಾಲು ಕಡಿಮೆ ಕೊಟ್ಟರೂ ಮೈಸೂರಿನವರು. ಅಪ್ಪನ ತಮ್ಮ ಮಲ್ಲಪ್ಪ ಚಿಕ್ಕಪ್ಪ, ಈ ಚಿಕ್ಕಮ್ಮನ ಗಂಡ, ಸಿದ್ದಾಪುರದ ಕಡೆ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಡ್ರೈವರಾಗಿದ್ದರು. ಸಣ್ಣ ಆಳು, ಮೆಲುಮಾತು. ಲಾರಿಯಾಗಲಿ ಜೀಪಾಗಲಿ, ಕೆಟ್ಟು ನಿಂತರೆ ಬೈಯುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು "ಏನಾಯ್ತು ಮಾರಾಯ್ತಿ, ಹೇಳು" ಎಂದು ಕೇಳುತ್ತಿದ್ದರು. ನಮ್ಮಮ್ಮ ಅದನ್ನು ಕಂಡು, "ಹೆಂಡ್ತಿ ಹತ್ರಾನೂ ಇಷ್ಟು ನಯವಾಗಿ ಮಾತಾಡ್ತಾರೇನೇ?" ಎಂದು ಚಿಕ್ಕಮ್ಮನನ್ನು ಕಾಡುತ್ತಿದ್ದಳು. ಚಿಕ್ಕಮ್ಮ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಮಾತಾಡುತ್ತಿದ್ದರು ಅಂತ ಅರ್ಥ.

ಆ ಚಿಕ್ಕಪ್ಪ ಒಂದು ದಿನ ಎಸ್ಟೇಟಿನ ಆಳುಗಳ ಲೈನ್‌ಮನೆಗಳ ಕಡೆಯಿಂದ ಏರು ಹತ್ತುತ್ತ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮಡಿಕೇರಿಯ ಡಾಕ್ಟರು ಎದೆಗೆ ಕಿವಿಗೊಳವೆ ಇಟ್ಟು ನೋಡಿ, ಹೃದಯ ದುರ್ಬಲವಾಗಿದೆ, ನಿಧಾನಕ್ಕೆ ನಡೆದಾಡಬಹುದು, ಆದರೆ ಭಾರ ಎತ್ತುವುದು, ಜಗ್ಗಿ ಎಳೆಯುವುದು ಇನ್ನು ಬಿಟ್ಟೇಬಿಡಬೇಕು ಎಂದರು. ಲಾರಿಯ ಸ್ಟೇರಿಂಗ್ ತಿರುಗಿಸುವುದೂ ಹೋಯಿತು. ಕೆಲಸ ಬಿಟ್ಟು ಮನೆಗೆ ಬಂದರು. ಬಂದವರು ಜಗಲಿಯ ತುದಿಯಲ್ಲಿ ಕೂತು, ಅಣ್ಣ ಗದ್ದೆಯಿಂದ ಕೆಸರು ಕಾಲಲ್ಲಿ ಬರುವುದನ್ನು ನೋಡುವರು. ಎಲೆಯ ಮುಂದೆ ಕೂತರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ.

"ತಿನ್ನೋ, ಯಾಕೆ ಹಾಗೆ ಅಳೆದು ತಿಂತೀಯ?" ಎಂದು ಅಪ್ಪ ಗದರಿಸಿದರೆ, "ಕೂತು ಉಣ್ಣೋ ಅನ್ನ ಗಂಟಲಲ್ಲಿ ಇಳಿಯಲ್ಲ ಅಣ್ಣ" ಎಂದರು. ಆ ದಿನ ಅಪ್ಪನೂ ಅರ್ಧಕ್ಕೇ ಎದ್ದರು.

ಅಷ್ಟರಲ್ಲಿ ಆ ದೊರೆ ಎಸ್ಟೇಟು ಮಾರಿ ತನ್ನ ಊರಿಗೆ ಹೊರಟ. ಆಗ ಒಬ್ಬೊಬ್ಬರಾಗಿ ಎಲ್ಲರೂ ಹೊರಡುತ್ತಿದ್ದರು. ಅವನ ಹೆಂಡತಿಗೆ ಬಂಗಲೆಯ ಹಿಂದೆ ತರಕಾರಿ ತೋಟದ ಹುಚ್ಚು. ಅದಕ್ಕೆಂದು ಒಂದು ಸಣ್ಣ ಟಿಲ್ಲರು ತರಿಸಿದ್ದರು. ಎರಡು ಹಿಡಿ, ಎರಡು ಚಕ್ರ, ಹೊಟ್ಟೆಯ ಕೆಳಗೆ ಮಣ್ಣು ಕೆದಕುವ ಬಾಗಿದ ಅಲಗುಗಳು. ಅಂಥ ಇಂಜಿನ್ನುಗಳನ್ನು ಹಗ್ಗ ಸುತ್ತಿ ಎಳೆದು ಚಾಲೂ ಮಾಡಬೇಕು. ದೊರೆಸಾನಿಗೆ ಅಷ್ಟು ಕಸುವೆಲ್ಲಿ? ಹಾಗಾಗಿ ಅದಕ್ಕೆ ಬ್ಯಾಟರಿ, ಸೆಲ್ಫು ಎಲ್ಲ ಇತ್ತು. ಒಂದು ಗುಂಡಿ ಒತ್ತಿದರೆ ಸಾಕು, ಡಬಡಬ ಎನ್ನುತ್ತಿತ್ತು. ಅದರ ಸ್ವಭಾವ ಬಲ್ಲವರು ಚಿಕ್ಕಪ್ಪ ಒಬ್ಬರೇ ಎಂದು ದೊರೆ ಹೋಗುವಾಗ ಅದನ್ನು ಅವರಿಗೇ ಕೊಟ್ಟು ಹೋದ. ಲಾರಿಯಿಂದ ಅದು ನಮ್ಮ ಅಂಗಳಕ್ಕೆ ಇಳಿದ ದಿನ ಊರಿಗೆ ಊರೇ ನೆರೆದಿತ್ತು. ಗಂಡಸರು ಮೀಸೆಯಡಿ ನಕ್ಕು ಅದಕ್ಕೆ 'ದೊರೆಸಾನಿ' ಎಂದೇ ಹೆಸರಿಟ್ಟರು. "ಮಲ್ಲಪ್ಪ, ನಿನ್ನ ದೊರೆಸಾನಿ ಎದ್ದಳಾ?" ಎಂದು ಕೇಳುವರು. ಚಿಕ್ಕಪ್ಪನಿಗೆ ಕೋಪವೇ ಬರುತ್ತಿರಲಿಲ್ಲ. "ಎದ್ದಿದ್ದಾಳೆ, ಕಾಫಿ ಕುಡೀತಿದ್ದಾಳೆ" ಎಂದು ಪೆಟ್ರೋಲು ಹುಯ್ಯುವರು.

ನಗುತ್ತಿದ್ದವರೇ ಆಮೇಲೆ ಕರೆಯಲು ಬಂದರು. ಶುಂಠಿಯ ಪಾತಿಗೆ, ಬೀನ್ಸಿನ ಸಾಲಿಗೆ, ಕಾಫಿ ಸಸಿಯ ನರ್ಸರಿ ಮಡಿಗೆ, ಎತ್ತು ತಿರುಗದ ಇಕ್ಕಟ್ಟಿನಲ್ಲೆಲ್ಲ ದೊರೆಸಾನಿ ತಿರುಗುತ್ತಿದ್ದಳು. ಮಣ್ಣು ರವೆಯ ಹಾಗೆ ಆಗುತ್ತಿತ್ತು. ಚಿಕ್ಕಪ್ಪ ಅದರ ಹಿಂದೆ ನಿಧಾನವಾಗಿ, ದೇವರ ಪಲ್ಲಕ್ಕಿಯ ಹಿಂದೆ ಹೋಗುವವರಂತೆ ನಡೆಯುವರು. ಮನೆಗೆ ಬಂದು ಕಾಲು ತೊಳೆದು ಕೂತರೆ, "ಅತ್ತಿಗೆ, ಇನ್ನೊಂದು ಸೌಟು ಹಾಕಿ" ಎನ್ನುವರು. ಆ ಒಂದು ಸೌಟಿಗಾಗಿ ನಮ್ಮ ಮನೆಯವರೆಲ್ಲ ಆ ಮಿಷನ್ನಿಗೆ ಕೈ ಮುಗಿಯುತ್ತಿದ್ದೆವು. ಅವರ ಜೀವ ಆ ಗುಂಡಿಯಲ್ಲಿತ್ತು ಅಂದರೆ ಹೆಚ್ಚಲ್ಲ.

ಗುಂಡಿ ಕೈಕೊಟ್ಟರೆ ಇರಲಿ ಎಂದು ಅದರ ಜೊತೆ ಒಂದು ಹಗ್ಗವೂ ಬಂದಿತ್ತು. ಒಂದು ತುದಿಗೆ ಗಂಟು, ಇನ್ನೊಂದು ತುದಿಗೆ ಮರದ ಹಿಡಿ. ಮಿಷನ್ನು ಲಾರಿಯಿಂದ ಇಳಿದ ದಿನವೇ ಚಿಕ್ಕಮ್ಮ ಅದನ್ನು ಎತ್ತಿಟ್ಟುಕೊಂಡು, ಹಿಡಿ ಬಿಚ್ಚಿ ಅಟ್ಟಕ್ಕೆಸೆದು, ಹಗ್ಗವನ್ನು ಕರು ಕಟ್ಟಲು ಹಾಕಿಬಿಟ್ಟರು. "ಎಳೆಯೋ ಹಗ್ಗ ಕಣ್ಣಿಗೆ ಬಿದ್ರೆ ಇವರು ಎಳೀದೆ ಇರಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಚಿಕ್ಕಮ್ಮನ ವಿಷಯ ಹೇಳಲೇ ಇಲ್ಲ ನೋಡಿ. ಅವರು ಶನಿವಾರಸಂತೆಯ ಕಡೆಯವರು. ಮಕ್ಕಳಾಗಿರಲಿಲ್ಲ. ಕೈಗೆ ಬ್ರಷ್ಷು ಸಿಕ್ಕರೆ ಮುಗಿಯಿತು, ಮನೆಯ ಯಾವ ವಸ್ತುವಿಗೂ ಉಳಿಗಾಲವಿಲ್ಲ. ಕಿಟಕಿಗೆ ಹಸಿರು, ತೊಟ್ಟಿಲಿಗೆ ಹಳದಿ, ಎತ್ತಿನ ಕೊಂಬಿಗೆ ನೀಲಿ. ನನ್ನ ಮದುವೆಗೆಂದು ತಂದ ಟ್ರಂಕಿನ ಮೇಲೆ ಎರಡು ಗಿಣಿ ಬರೆದಿದ್ದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿಯನ್ನು ಬಿಟ್ಟು ಗಿಣಿಗಳನ್ನೇ ನೋಡಿ ಹೋದರು ಎಂದು ನಮ್ಮಮ್ಮ ಬಹಳ ದಿನ ಗೊಣಗಿದಳು. ನನಗೇನೂ ಬೇಜಾರಾಗಲಿಲ್ಲ. ಗಿಣಿಗಳು ನನಗಿಂತ ಲಕ್ಷಣವಾಗಿದ್ದುದು ಸುಳ್ಳಲ್ಲ.

ಆ ವರ್ಷದ ಆಯುಧಪೂಜೆಗೆ ಚಿಕ್ಕಪ್ಪ ದೊರೆಸಾನಿಯ ಬ್ಯಾಟರಿ ಇಳಿಸಿ, ವೈರುಗಳನ್ನೆಲ್ಲ ಬಿಚ್ಚಿ, ಮೈ ತೊಳೆದು ಇಟ್ಟರು. ನಮ್ಮಲ್ಲಿ ಪದ್ಧತಿ ಹಾಗೆ. ಕತ್ತಿ, ಗುದ್ದಲಿ, ನೇಗಿಲು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ವಿಭೂತಿ ಬಳಿದು, ಕುಂಕುಮವಿಟ್ಟು, ಪೂಜೆಯಾಗುವವರೆಗೆ ಯಾವುದನ್ನೂ ಕೆಲಸಕ್ಕೆ ಮುಟ್ಟುವುದಿಲ್ಲ. ಬ್ಯಾಟರಿಯನ್ನೂ ಬೇರೆಯಾಗಿ ಒಂದು ಮಣೆಯ ಮೇಲೆ ಕೂರಿಸಿ ಹೂ ಮುಡಿಸಿದ್ದರು. ದೊರೆಸಾನಿಯ ಬಣ್ಣ ಮಾಸಿ ಅಲ್ಲಲ್ಲಿ ಕಬ್ಬಿಣ ಕಾಣುತ್ತಿತ್ತು. ಚಿಕ್ಕಪ್ಪ ಪೇಟೆಗೆ ಹೋದ ಹೊತ್ತು ನೋಡಿ ಚಿಕ್ಕಮ್ಮ ಒಂದು ಡಬ್ಬಿ ಕೆಂಪು ಪೇಂಟು ತೆಗೆದರು. ಒಂದು ಚೂರೂ ಬಿಡದೆ, ಮೂಲೆ ಮೂಲೆಗೂ, ತೂತಿನ ಸುತ್ತಕ್ಕೂ ಎರಡೆರಡು ಸಲ ಬಳಿದರು. ಸಂಜೆ ಬಂದ ಚಿಕ್ಕಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟರು. ದೊರೆಸಾನಿ ಮದುವಣಗಿತ್ತಿಯಾಗಿದ್ದಳು.

"ಇದನ್ನ ಮಣ್ಣಿಗೆ ಇಳಿಸೋದು ಹೇಗೇ ಇನ್ನು?" ಎಂದರು ಚಿಕ್ಕಪ್ಪ. ಅವರ ಕಣ್ಣು ತುಂಬಿತ್ತು. ಚಿಕ್ಕಮ್ಮನ ಮೂಗಿನ ತುದಿಗೂ ಕೆಂಪು ಅಂಟಿತ್ತು. ಅವರಿಬ್ಬರೂ ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಹಬ್ಬ ಮುಗಿದು, ಪೇಂಟು ಒಣಗಿ, ಬ್ಯಾಟರಿ ಏರಿಸಿ, ವೈರು ಬಿಗಿದು ಗುಂಡಿ ಒತ್ತಿದರೆ, "ಟಕ್."

ಅಷ್ಟೇ. ಇನ್ನೊಮ್ಮೆ ಒತ್ತಿದರು. "ಟಕ್." ಹಲ್ಲಿ ಲೊಚಗುಟ್ಟಿದ ಹಾಗೆ.

ಚಿಕ್ಕಪ್ಪ ನಕ್ಕರು. "ಅಲಂಕಾರ ಜಾಸ್ತಿ ಆಗಿ ಜಂಭ ಬಂದಿದೆ" ಎಂದರು. ಬ್ಯಾಟರಿ ಇಳಿದಿರಬೇಕೆಂದು ಅದನ್ನು ಬಸ್ಸಿನಲ್ಲಿ ಸೋಮವಾರಪೇಟೆಗೆ ಕಳಿಸಿ ಚಾರ್ಜು ಮಾಡಿಸಿದರು. ಬಂದ ಬ್ಯಾಟರಿಗೆ ಮಿಷನ್ನಿನ ಮುಂದಿನ ಪುಟ್ಟ ದೀಪ ಝಗ್ಗೆಂದು ಹತ್ತಿತು. ಗುಂಡಿ ಒತ್ತಿದರೆ ಮತ್ತೆ ಟಕ್. ಆಮೇಲೆ ಬ್ಯಾಟರಿಯ ಕೊಂಬುಗಳಿಗೆ ಹಿಡಿದಿದ್ದ ಬಿಳಿ ಪುಡಿಯನ್ನು ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಉಪ್ಪುಕಾಗದ ಹಾಕಿ ಉಜ್ಜಿದರು. ಟಕ್. ಗುಂಡಿಯೇ ಕೆಟ್ಟಿರಬಹುದೆಂದು ಅದನ್ನು ಬಿಟ್ಟು, ಹಿಂದಿನ ಎರಡು ವೈರುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿದರು. ಕಿಡಿ ಹಾರಿತು, ನಾನು ಕಿರುಚಿದೆ, ಮಿಷನ್ನು ಮಾತ್ರ ಟಕ್ ಎಂದಿತು.

ಈ ಎಲ್ಲ ಕಾಲದಲ್ಲೂ ಅವರಿಗೆ ಸಾಮಾನು ಎತ್ತಿಕೊಡುವ ಕೆಲಸ ನನ್ನದು. ಎಸ್ಸೆಸ್ಸೆಲ್ಸಿಯಲ್ಲಿ ಮುಗ್ಗರಿಸಿ ಮನೆಯಲ್ಲಿ ಕೂತಿದ್ದೆ, ಬೇರೆ ಯಾವ ಘನಕಾರ್ಯವಿತ್ತು? ಸಣ್ಣ ಸ್ಪ್ಯಾನರು ಕೇಳಿದರೆ ದೊಡ್ಡದು, ದೊಡ್ಡದು ಕೇಳಿದರೆ ಇಕ್ಕಳ ಕೊಡುತ್ತಿದ್ದೆ. "ನಿನ್ನ ಕಟ್ಟಿಕೊಳ್ಳೋನು ಸೈಕಲ್ಲೂ ಇಟ್ಟುಕೊಳ್ಳದೆ ಇದ್ರೆ ಒಳ್ಳೇದು" ಎಂದು ಚಿಕ್ಕಪ್ಪ ನಗುತ್ತಿದ್ದರು. ಬರಬರುತ್ತ ಆ ನಗೆ ಕಡಿಮೆಯಾಯಿತು.

ಕೊನೆಗೆ ಸೆಲ್ಫಿನ ಮೋಟಾರನ್ನೇ ಬಿಚ್ಚಿ ತೆಗೆದು ಜಗಲಿಯ ಬೆಂಚಿನ ಮೇಲೆ ಇಟ್ಟು, ಎರಡು ವೈರು ಹಿಡಿದು ನೇರ ಬ್ಯಾಟರಿಗೆ ಮುಟ್ಟಿಸಿದರು. ಅದು ಗರ್ರೆಂದು ತಿರುಗಿ ಬೆಂಚಿನಿಂದ ಹಾರಿ ಕೆಳಗೆ ಬಿತ್ತು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದರು. ಅದನ್ನು ತಿರುಗಿ ಮಿಷನ್ನಿಗೆ ಕೂರಿಸಿದರೆ ಅದೇ ಟಕ್. ಅರ್ತಿನ ವೈರು, ಅಂದರೆ ಬ್ಯಾಟರಿಯಿಂದ ಬಂದು ಮಿಷನ್ನಿನ ಮೈಗೇ ಬೋಲ್ಟಿನಲ್ಲಿ ಬಿಗಿಯುವ ಅಗಲದ ಪಟ್ಟಿ, ಅದನ್ನೂ ಹಿಡಿದು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು.

"ಬೇರೆ ಬೇರೆ ಇಟ್ರೆ ಎಲ್ಲ ಸರಿ ಇದಾವೆ. ಒಟ್ಟಿಗೆ ಇಟ್ರೆ ಒಂದಕ್ಕೊಂದು ಮಾತಾಡಲ್ಲ" ಎಂದರು ಚಿಕ್ಕಪ್ಪ. ಅಷ್ಟು ಹೊತ್ತು ಅವರು ಒಂದು ಬೋಲ್ಟನ್ನೇ ನೋಡುತ್ತ ಕೂತದ್ದನ್ನು ನಾನು ನೋಡಿರಲಿಲ್ಲ. ಆ ಸಂಜೆ ಎಲೆಯ ಮುಂದೆ ಅವರ ಅನ್ನ ಮತ್ತೆ ಒಂದು ಸೌಟಿಗೆ ಇಳಿದಿತ್ತು.

ಅಪ್ಪ ಹೇಳಿದರು, "ಹಗ್ಗ ಎಲ್ಲಿದೆಯೋ ನೋಡು, ನಾನು ಎಳೆದು ಕೊಡ್ತೀನಿ."

"ಮಧ್ಯದಲ್ಲಿ ನಿಂತಾಗೆಲ್ಲ ಯಾರನ್ನ ಕರೀಲಿ? ಗದ್ದೆ ಬಿಟ್ಟು ನನ್ನ ಹಿಂದೆ ನಡೀತೀಯಾ ಅಣ್ಣ? ನೀನು ಎಳೆದ ಮೇಲೆ ಅದು ನನ್ನ ಕೆಲಸ ಹೇಗಾಯ್ತು?"

"ಹಾಗಾದ್ರೆ ಮೇಲಿನ ತೋಟದೋರಿಗೆ ಆಗಲ್ಲ ಅಂತ ಹೇಳಿ ಕಳಿಸ್ತೀನಿ. ಆಳು ಬಿಟ್ಟು ಅಗೆಸಿಕೊಳ್ಳಲಿ."

ಮೇಲಿನ ತೋಟದವರ ನರ್ಸರಿ ಮಡಿಗೆ ಮಣ್ಣು ಹದ ಮಾಡಿಕೊಡುತ್ತೇನೆಂದು ಚಿಕ್ಕಪ್ಪ ಹಬ್ಬಕ್ಕೆ ಮುಂಚೆಯೇ ಮಾತು ಕೊಟ್ಟಿದ್ದರು. "ಮಾತು ಕೊಟ್ಟೋನು ನಾನು" ಎಂದು ಎದ್ದು ಹೋಗಿ ಮಲಗಿದರು.

ಮರುದಿನ ಬೆಳಿಗ್ಗೆ ಅಪ್ಪ ಗದ್ದೆಯ ಕಡೆ ಹೋಗಿದ್ದರು. ಕರು ಬಿಚ್ಚಿಕೊಂಡು ಬೀನ್ಸಿನ ಪಾತಿಗೆ ನುಗ್ಗಿದೆ ಎಂದು ಚಿಕ್ಕಮ್ಮ ಕೂಗಿದರು. ಅವರೊಂದು ಕಡೆಯಿಂದ, ನಾನೊಂದು ಕಡೆಯಿಂದ ಅದನ್ನು ಅಟ್ಟುತ್ತಿದ್ದೆವು. ಅದಕ್ಕೆ ಹಬ್ಬವೋ ಹಬ್ಬ. ನಮ್ಮ ಕೈಗೆ ಸಿಗದೆ ಬಾಲ ಎತ್ತಿ ಕುಣಿಯುತ್ತಿತ್ತು, ನಾವು ನಗುತ್ತ ಓಡುತ್ತಿದ್ದೆವು. ಆಗ ಮನೆಯ ಹಿಂದಿನಿಂದ ಕೇಳಿಸಿತು. ಡಬ, ಡಬ, ಡಬಡಬಡಬ.

ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಜಗ್ಗಿದರು. "ಹೊತ್ತಿಕೊಳ್ತು ಕಣೇ! ಸೆಲ್ಫು ಹಿಡೀತು!" ಎಂದು ಕರುವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದರು. ಒಲೆಗೆ ಪುರಲೆ ತುರುಕಿ, ಬೆಲ್ಲದ ಕಾಫಿ ಕಾಯಿಸಿದರು. "ಇವತ್ತು ಎರಡು ಸೌಟಲ್ಲ, ಮೂರು ಸೌಟು ಉಣ್ತಾರೆ ನೋಡ್ತಿರು" ಎಂದರು. ಇಂಜಿನ್ನು ಓಡುತ್ತಲೇ ಇತ್ತು. ಬಿಸಿ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಅವರು ಮುಂದೆ, ನಾನು ಹಿಂದೆ ಹೋದೆವು.

ಚಿಕ್ಕಪ್ಪ ದೊರೆಸಾನಿಯ ಪಕ್ಕದಲ್ಲಿ ಕೆನ್ನೆ ನೆಲಕ್ಕೆ ಹಚ್ಚಿ ಮಲಗಿದ್ದರು. ಕರುವಿನ ಹಗ್ಗ ಅವರ ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿತ್ತು.

ಆ ಇಂಜಿನ್ನನ್ನು ನಿಲ್ಲಿಸುವುದು ಹೇಗೆಂದು ನಮಗಿಬ್ಬರಿಗೂ ತಿಳಿಯದು. ಚಿಕ್ಕಮ್ಮ ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂಗುತ್ತಿದ್ದರು. ಆ ಸದ್ದಿನಲ್ಲಿ ಅವರ ಕೂಗು ನನಗೇ ಕೇಳಿಸುತ್ತಿರಲಿಲ್ಲ. ಅಪ್ಪ ಗದ್ದೆಯಿಂದ ಓಡಿ ಬಂದು ಪೆಟ್ರೋಲಿನ ಬಾಯಿ ಮುಚ್ಚುವವರೆಗೂ ಅದು ಓಡುತ್ತಲೇ ಇತ್ತು.

ಚಿಕ್ಕಮ್ಮ ಆಮೇಲೆ ಹೆಚ್ಚು ಅತ್ತವರಲ್ಲ. "ಕರು ಬಿಚ್ಚಿದ್ದು ಯಾರು ಅಂತ ನಾನು ಒಂದು ಮಾತು ಕೇಳ್ಬೇಕಿತ್ತು" ಎಂದು ಆಗಾಗ ಹೇಳುವರು, ಅಷ್ಟೇ. ದೊರೆಸಾನಿಗೆ ಗೋಣಿಚೀಲ ಹೊದಿಸಿ ಕೊಟ್ಟಿಗೆಯ ಮೂಲೆಗೆ ತಳ್ಳಿದೆವು.

ಸುಗ್ಗಿ ಕಳೆದ ಮೇಲೆ ಕುಶಾಲನಗರದ ಕಡೆಯ ಒಬ್ಬ ಸಾಹುಕಾರರು ಅದನ್ನು ಕೊಳ್ಳುತ್ತೇನೆಂದು ಬಂದರು. ನಮ್ಮ ಬ್ಯಾಟರಿ ಅಷ್ಟರಲ್ಲಿ ಸತ್ತಿತ್ತು, ಅವರು ತಮ್ಮ ಜೀಪಿನದನ್ನೇ ಇಳಿಸಿ ತಂದರು. ವೈರು ಹಾಕಿ ಗುಂಡಿ ಒತ್ತಿದರೆ ಟಕ್. ಅಪ್ಪ ಮುಖ ಬೇರೆ ಕಡೆ ತಿರುಗಿಸಿದರು. ಸಾಹುಕಾರರು ಅಲ್ಲಿ ಇಲ್ಲಿ ಮುಟ್ಟಿ ನೋಡಿ, ಅರ್ತಿನ ಬೋಲ್ಟು ಬಿಚ್ಚಿ ಪಟ್ಟಿ ಎತ್ತಿದರು. ಅದರಡಿಯಲ್ಲಿ ಕೆಂಪು ಪೇಂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಯಾರ್ರೀ ಇಲ್ಲಿಗೆ ಬಣ್ಣ ಬಳಿದೋರು? ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕು ಸ್ವಾಮಿ. ಮಧ್ಯೆ ಪೇಂಟು ಕೂತ್ರೆ ಕರೆಂಟು ಎಲ್ಲಿಂದ ಹೋಗ್ತದೆ? ದೀಪ ಉರಿಯೋಕೆ ಬೋಲ್ಟಿನ ಮರೆಯಲ್ಲಿ ನುಸುಳಿದ ಚೂರೇ ಸಾಕು. ಸೆಲ್ಫು ತಿರುಗೋಕೆ ಸಾಲಲ್ಲ."

ಜೇಬಿನ ಚಾಕು ತೆಗೆದು ಕರಕರ ಕೆರೆದರು. ಅಪ್ಪ ಬಾಗಿ ಪುಡಿಯನ್ನು ಬೆರಳಿನಿಂದ ಸವರಿ ತೆಗೆದರು. ಪಟ್ಟಿ ಬಿಗಿದು ಗುಂಡಿ ಒತ್ತಿದ ಕೂಡಲೇ ದೊರೆಸಾನಿ ಡಬಡಬ ಎಂದಳು.

ಅಪ್ಪ ಗಾಬರಿಯಿಂದ "ನಿಲ್ಸಿ, ನಿಲ್ಸಿ!" ಎಂದು ಕೈ ಬೀಸಿದರು. ಇಂಜಿನ್ನು ನಿಂತಾಗ ಕೊಟ್ಟಿಗೆಯ ಬಾಗಿಲಲ್ಲಿ ಚಿಕ್ಕಮ್ಮ ಮೊರ ಹಿಡಿದು ನಿಂತಿದ್ದರು. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದವರು ಹಾಗೇ ಎದ್ದು ಬಂದಿದ್ದರು.

"ಏನಾಗಿತ್ತಂತೆ ಭಾವ?"

ಸಾಹುಕಾರರು ಬಾಯಿ ತೆರೆದರು. ನಮ್ಮಪ್ಪ, ಮೈಸೂರಿನವರನ್ನು ಬಿಟ್ಟು ಬೇರೆ ಯಾರ ಮೇಲೂ ಒಂದು ಸುಳ್ಳು ಆಡದ ಮನುಷ್ಯ, ಅವರಿಗಿಂತ ಮೊದಲು ಹೇಳಿದರು. "ಬ್ಯಾಟರಿ ಕಣಮ್ಮ. ಹಳೇದು ಒಳಗಿಂದೊಳಗೇ ಹಾಳಾಗಿತ್ತಂತೆ. ಇವರ ಬ್ಯಾಟರಿ ಹಾಕಿದ್ವಿ, ಹೊತ್ತಿಕೊಳ್ತು."

ಚಿಕ್ಕಮ್ಮ "ಹೌದಾ" ಎಂದು ತಿರುಗಿ ಹೋದರು. ಅಪ್ಪ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ನಿಂತಿದ್ದರು. ಮಿಷನ್ನು ಕೊಡುವುದಿಲ್ಲ ಎಂದು ಸಾಹುಕಾರರನ್ನು ಕಳಿಸಿಬಿಟ್ಟರು. ತಮ್ಮನ ಪ್ರಾಣ ಹೋದದ್ದು ಅವನ ಹೆಂಡತಿ ಪ್ರೀತಿಯಿಂದ ಬಳಿದ ಬಣ್ಣದಿಂದ ಎಂದು ಅವಳಿಗೆ ತಿಳಿದರೆ ಅವಳು ಉಳಿಯುತ್ತಾಳೆಯೇ ಎಂದು ಆ ಸಂಜೆ ಅಮ್ಮನಿಂದಲೂ ನನ್ನಿಂದಲೂ ಆಣೆ ಹಾಕಿಸಿದರು. ಅಂದಿನಿಂದ ಅಪ್ಪನಿಗೆ ಪೇಂಟಿನ ವಾಸನೆ ಆಗುತ್ತಿರಲಿಲ್ಲ, ತಲೆ ತಿರುಗುತ್ತಿತ್ತು. ದಿನವಿಡೀ ಬೀಡಿ ಸೇದುವವರಿಗೆ ಅದೆಂಥ ತಲೆ ತಿರುಗು ಎಂದು ಯಾರೂ ಕೇಳಲಿಲ್ಲ. ಚಿಕ್ಕಮ್ಮನೂ ಮತ್ತೆ ಬ್ರಷ್ಷು ಕೇಳಲಿಲ್ಲ. ಮನಸ್ಸು ಮುರಿದದ್ದಕ್ಕೆ ಬಿಟ್ಟರು ಎಂದುಕೊಂಡೆವು. ಮನೆಯ ಕಬ್ಬಿಣವೆಲ್ಲ ತುಕ್ಕು ಹಿಡಿಯಿತು. ನಾನು ಗಿಣಿಯ ಟ್ರಂಕನ್ನು ಗಂಡನ ಮನೆಗೆ ಹೊತ್ತುಕೊಂಡು ಹೋದೆ.

ಇದಿಷ್ಟು ನನ್ನ ತಲೆಯಲ್ಲಿ ಓಡುತ್ತಿರುವಾಗ ಶಿವು ಅಂಗಳದಲ್ಲಿ ಶಿಳ್ಳೆ ಹಾಕುತ್ತ ಬಳಿಯುತ್ತಲೇ ಇದ್ದ. ಅವನ ಟಿಲ್ಲರಿಗೂ ಸೆಲ್ಫಿದೆ. ನಾನು ಸನ್ನೆ ಮಾಡಿದರೆ ಅವನು ನೋಡಬೇಕಲ್ಲ! "ಒಳಗೆ ಹೋಗೋಣ ಬನ್ನಿ ಚಿಕ್ಕಮ್ಮ, ಗಾಳಿ ಜೋರಾಗಿದೆ" ಎಂದೆ. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಚಿಕ್ಕಮ್ಮ ಅಲುಗಲಿಲ್ಲ. ಅಂಗಳದ ಕಡೆ ಕಿವಿ ಕೊಟ್ಟು ಹೇಳಿದರು, "ಅರ್ತಿನ ಬೋಲ್ಟು ಬಿಚ್ಚಿದ ಹಾಗೆ ಕೇಳ್ತು. ಆ ಪಟ್ಟಿ ಕೂರೋ ಜಾಗಕ್ಕೆ ಹಚ್ಬೇಡ ಅನ್ನು ಮಗಾ. ಸೆಲ್ಫು ಹಿಡಿಯಲ್ಲ."

ನಾನು ಅವರ ಕಡೆ ತಿರುಗಿದೆ. "ಯಾವಾಗ ಗೊತ್ತಾಯ್ತು ಚಿಕ್ಕಮ್ಮ?" ಎಂದೆ.

"ಅವತ್ತೇ. ಅವರ ಜೀಪಿನ ಬ್ಯಾಟರಿ ಹಾಕಿದ ಮೇಲೂ ಟಕ್ ಅಂದಿದ್ದು ನಂಗೆ ಅಂಗಳಕ್ಕೆ ಕೇಳಿಸ್ತು. ಆಮೇಲೆ ಬೋಲ್ಟು ಬಿಚ್ಚಿ ಕೆರೆಯೋದು ಕೇಳಿಸ್ತು, ಆಮೇಲೆ ಹೊತ್ತಿಕೊಳ್ತು. ಬಂದು ನೋಡಿದ್ರೆ ಭಾವನ ಬೆರಳೆಲ್ಲ ಕೆಂಪು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ನನ್ನ ಮುಖ ನೋಡ್ತಿದ್ರಾ? ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮನುಷ್ಯ. ನಂಗೋಸ್ಕರ ಮನೇನೆಲ್ಲ ತುಕ್ಕು ಹಿಡಿಸಿಕೊಂಡು ಕೂತಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಚೆಂದ ಕಾಣ್ಲಿ ಅಂತ ಬಳಿದೆ ಮಗಾ. ಅವರಿಗೆ ಚೆಂದ ಕಾಣ್ಲಿ ಅಂತ."

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಕಾಯುತ್ತಿದ್ದೇನೆ ಎಂದುಕೊಂಡಿದ್ದ ನನ್ನನ್ನು, ಅಪ್ಪನನ್ನು, ಅಮ್ಮನನ್ನು ಇಷ್ಟು ಕಾಲ ಈ ಹೆಂಗಸೇ ಕಾದಿದ್ದರು. ಆ ಭಾರದ ಒಂದು ಕೊನೆಯನ್ನೂ ನಾವು ಹಿಡಿದುಕೊಡಲಿಲ್ಲ.

ಎದ್ದು ಹೋಗಿ ಶಿವುವಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, "ಹೌದಲ್ಲ ಅತ್ತೆ, ಬಳಿದೇಬಿಟ್ಟಿದ್ದೆ" ಎಂದ. ಪೇಂಟು ಇನ್ನೂ ಹಸಿಯಾಗಿತ್ತು. ಬಟ್ಟೆಗೆ ಸೀಮೆಎಣ್ಣೆ ಹಾಕಿ ಆ ಜಾಗವನ್ನು ನಾನೇ ಒರೆಸಿದೆ, ಬಿಳಿ ಕಬ್ಬಿಣ ಕಾಣುವವರೆಗೆ. ನಾಳೆ ಪೂಜೆಗೆ ಇಡುವ ಮೊದಲು ಒಂದು ಸಲ ನೋಡಿಬಿಡೋಣ ಎಂದು ಶಿವು ವೈರು ಬಿಗಿದು ಗುಂಡಿ ಒತ್ತಿದ. ಟಿಲ್ಲರು ಡಬಡಬ ಎಂದಿತು.

ತಿರುಗಿ ನೋಡಿದರೆ ಚಿಕ್ಕಮ್ಮ ಕಂಬ ಹಿಡಿದು ಎದ್ದು ನಿಂತಿದ್ದಾರೆ. ನಾನು ಓಡಿ ಹೋದೆ. ಆ ಸದ್ದಿನ ಮೇಲೆ ನನ್ನ ಕಿವಿಗೆ ಬಾಯಿಟ್ಟು ಕೇಳಿದರು, "ಅವನು ನಿಂತಿದ್ದಾನಾ ನೋಡು."

ಶಿವು ಹಿಡಿಯ ಮೇಲೆ ಕೈಯಿಟ್ಟು, ಕೆನ್ನೆಗೆಲ್ಲ ಕೆಂಪು ಮೆತ್ತಿಕೊಂಡು ನಮ್ಮ ಕಡೆ ನೋಡಿ ನಗುತ್ತಿದ್ದ.

"ನಿಂತಿದ್ದಾನೆ ಚಿಕ್ಕಮ್ಮ."

"ನಿಂತಿದ್ದಾನೆ ತಾನೇ?"

"ನಿಂತಿದ್ದಾನೆ. ನಗ್ತಿದ್ದಾನೆ."

ಅವನು ಇಂಜಿನ್ನು ನಿಲ್ಲಿಸಿ, ಅಂಗಳ ದಾಟಿ, ಜಗಲಿಯ ಮೆಟ್ಟಿಲು ಹತ್ತಿ ಬರುವ ಹೆಜ್ಜೆ ಕೇಳುವವರೆಗೆ ಅವರು ನನ್ನ ಕೈ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಕೂತರು.

"ಹಾಗಾದ್ರೆ ಕಾಫಿಗೆ ಇಡು ಹೋಗು" ಎಂದರು.